ಹಿತ್ತಿಲಿನ ಒಂಟಿ ನೆಲ್ಲಿ

ಹೂವನ್ನೇ ಬಿಡದ ಮರದ ಮೇಲೆ ಮನೆಯವರಿಗೆ ಅಷ್ಟಾಗಿ ಸಿಟ್ಟು ಬರುವುದಿಲ್ಲ. ವರ್ಷ ವರ್ಷವೂ ಮೈತುಂಬ ಹೂ ಹೊತ್ತು, ಊರಿನ ಜೇನುನೊಣಗಳನ್ನೆಲ್ಲ ಕರೆದು ಉಪಚರಿಸಿ, ಕೊನೆಗೆ ಒಂದು ಕಾಯಿಯನ್ನೂ ಕೊಡದೆ ಸುಮ್ಮನಾಗುವ ಮರವನ್ನು ಮಾತ್ರ ಅವರು ಕ್ಷಮಿಸಲಾರರು. ಬೆಂಗಳೂರು, ಮೈಸೂರುಗಳಂತಹ ಊರುಗಳ ಹಿತ್ತಿಲುಗಳಲ್ಲಿ ಈ ಅಪರಾಧಕ್ಕಾಗಿ ಕೊಡಲಿಗೆ ಗುರಿಯಾಗುವ ಮರಗಳಲ್ಲಿ ನೆಲ್ಲಿಯೂ ಒಂದು.

ಇಂತಹ ಮರಗಳ ಚರಿತ್ರೆ ಬಹುಮಟ್ಟಿಗೆ ಒಂದೇ ಬಗೆಯದು. ಮನೆ ಕಟ್ಟಿಸಿದ ಹೊಸದರಲ್ಲಿ ಹಿರಿಯರು ಯಾರೋ, ಕಾರ್ತಿಕ ಮಾಸದ ತುಳಸಿ ಪೂಜೆಗೆ ಮನೆಯಲ್ಲಿಯೇ ಒಂದು ನೆಲ್ಲಿ ಇರಲೆಂದು ಸಸಿಯೊಂದನ್ನು ತಂದು ನೆಡುತ್ತಾರೆ. ಏಳೆಂಟು ವರ್ಷಗಳು ಕಳೆಯುತ್ತವೆ. ಮರ ತಾರಸಿಯ ಎತ್ತರಕ್ಕೆ ಏರುತ್ತದೆ; ಹೂ ಬಿಡುತ್ತದೆ; ಕಾಯಿ ಮಾತ್ರ ಇಲ್ಲ. ಆಮೇಲೆ ಉಪಚಾರಗಳು ಆರಂಭವಾಗುತ್ತವೆ. ಒಬ್ಬರು ಕಾಂಡಕ್ಕೆ ಕಬ್ಬಿಣದ ಮೊಳೆ ಹೊಡೆಯಹೇಳುತ್ತಾರೆ, ಮತ್ತೊಬ್ಬರು ಬುಡಕ್ಕೆ ಉಪ್ಪು ಸುರಿಯಹೇಳುತ್ತಾರೆ, ಇನ್ನೊಬ್ಬರು ಹಳೆಯ ಪೊರಕೆಯಿಂದ ನಾಲ್ಕು ಬಾರಿಸಿದರೆ ಮರಕ್ಕೆ ನಾಚಿಕೆಯಾದೀತೆನ್ನುತ್ತಾರೆ. ಯಾವುದರಿಂದಲೂ ಫಲ ಕಾಣದೆ ಹೋದಾಗ, ನೆಟ್ಟ ಹಿರಿಯರೂ ಇಲ್ಲವಾದ ಮೇಲೆ, ಕಾರು ನಿಲ್ಲಿಸಲು ಜಾಗ ಬೇಕಾದ ದಿನ ‘ಹೇಗಿದ್ದರೂ ಕಾಯಿ ಬಿಡದ ಮರ’ ಎಂಬ ಒಂದೇ ವಾಕ್ಯದಲ್ಲಿ ಅದರ ತೀರ್ಪು ಮುಗಿಯುತ್ತದೆ.

ಈ ತೀರ್ಪು ಬಹಳ ಸಲ ಅನ್ಯಾಯದ್ದು. ಆ ಮರ ಗೊಡ್ಡಲ್ಲ, ಅದು ಒಂಟಿ.

ನೆಲ್ಲಿಯ ಹೂವನ್ನು ಹತ್ತಿರದಿಂದ ನೋಡಿದವರು ಕಡಮೆ. ಹಸುರು ಬೆರೆತ ಹಳದಿ ಬಣ್ಣದ, ಸಾಸಿವೆಗಿಂತ ಕೊಂಚ ದೊಡ್ಡದಾದ ಆ ಹೂಗಳು ಕಣ್ಣಿಗೆ ಬೀಳುವುದಕ್ಕಿಂತ ಮುಂಚೆ ನೆಲಕ್ಕೆ ಬಿದ್ದಿರುತ್ತವೆ. ಒಂದೇ ಮರದ ಒಂದೇ ಎಳೆರೆಂಬೆಯಲ್ಲಿ ಗಂಡುಹೂಗಳೂ ಹೆಣ್ಣುಹೂಗಳೂ ಬೇರೆ ಬೇರೆಯಾಗಿ ಬಿಡುತ್ತವೆ. ಎಲೆಯ ಕಂಕುಳಲ್ಲಿ ಗೊಂಚಲು ಗೊಂಚಲಾಗಿ ಜೋತಿರುವವು ಗಂಡುಹೂಗಳು; ತೊಟ್ಟು ಕಾಣದಂತೆ ರೆಂಬೆಗೆ ಅಂಟಿಕೊಂಡು, ತುದಿಯ ಕಡೆ ಅಲ್ಲೊಂದು ಇಲ್ಲೊಂದಾಗಿ ಕುಳಿತಿರುವವು ಹೆಣ್ಣುಹೂಗಳು. ಗಂಡುಹೂಗಳ ಸಂಖ್ಯೆಯ ಮುಂದೆ ಹೆಣ್ಣುಹೂಗಳದ್ದು ಲೆಕ್ಕಕ್ಕೇ ಇಲ್ಲವೆನ್ನಬೇಕು. ಆದ್ದರಿಂದ ‘ಇಷ್ಟು ಹೂ ಬಿಟ್ಟಿತಲ್ಲಾ’ ಎಂದು ಮನೆಯವರು ಹಿಗ್ಗುವ ರಾಶಿಯ ಬಹುಭಾಗ ಎಂದಿಗೂ ಕಾಯಿಯಾಗತಕ್ಕದ್ದಲ್ಲ.

ಅಷ್ಟೇ ಆಗಿದ್ದರೆ ನಾಲ್ಕಾರು ಕಾಯಾದರೂ ಸಿಕ್ಕಬೇಕಿತ್ತು. ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದದ್ದು. ನೆಲ್ಲಿಯ ಅನೇಕ ಮರಗಳಲ್ಲಿ ತನ್ನದೇ ಗಂಡುಹೂವಿನ ಪರಾಗವನ್ನು ತನ್ನ ಹೆಣ್ಣುಹೂವು ಸ್ವೀಕರಿಸುವುದಿಲ್ಲ. ಸ್ವೀಕರಿಸಿದರೂ ಬಹಳ ಕಡಮೆ. ಕಾಯಿ ಕಚ್ಚಬೇಕಾದರೆ ಜೇನುನೊಣವೋ ಗಾಳಿಯೋ ಬೇರೊಂದು ನೆಲ್ಲಿಯಿಂದ ಪರಾಗ ತರಬೇಕು. ಸಗೋತ್ರದಲ್ಲಿ ವಿವಾಹವಿಲ್ಲವೆಂಬ ನಿಯಮವನ್ನು ಈ ಮರ ಮನುಷ್ಯರಿಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತದೆ. ಹಾಗೆಂದು ಪ್ರತಿಯೊಂದು ಒಂಟಿ ನೆಲ್ಲಿಯೂ ಬರಿಗೈಯೆಂದು ತಿಳಿಯಬಾರದು. ಒಂಟಿಯಾಗಿಯೇ ತಕ್ಕಮಟ್ಟಿಗೆ ಕಾಯುವ ಮರಗಳೂ ಉಂಟು. ಆದರೆ ಅದು ಅದೃಷ್ಟ. ಅದನ್ನು ನಂಬಿ ಹತ್ತು ವರ್ಷ ಕಾಯುವುದು ಜಾಣತನವಲ್ಲ.

ಇಲ್ಲಿಯೇ ಒಂದು ಮೋಸದ ಹೊಂಡವಿದೆ. ಎರಡು ಮರ ಬೇಕೆಂದು ಕೇಳಿ ತಿಳಿದ ಗೃಹಸ್ಥರು ಸಸ್ಯಾಗಾರಕ್ಕೆ ಹೋಗಿ ಒಂದೇ ತಳಿಯ ಎರಡು ಕಸಿಗಿಡಗಳನ್ನು ಕೊಂಡು ತಂದು, ಮೂಲೆಗೊಂದರಂತೆ ನೆಟ್ಟು ನಿಶ್ಚಿಂತರಾಗುತ್ತಾರೆ. ಕಸಿಗಿಡವೆಂದರೆ ತಾಯಿಮರದ ತುಂಡೇ ಹೊರತು ಅದರ ಮಗುವಲ್ಲ. ಒಂದೇ ತಳಿಯ ಎರಡು ಕಸಿಗಿಡಗಳು ಎರಡು ಕಡೆ ಬೇರೂರಿದ ಒಂದೇ ಮರ. ಅವುಗಳಲ್ಲಿ ಒಂದರ ಪರಾಗ ಇನ್ನೊಂದಕ್ಕೆ ಪರರದಲ್ಲ. ಆದ್ದರಿಂದ ಎರಡು ಬೇರೆ ಬೇರೆ ತಳಿಗಳನ್ನೇ ತರಬೇಕು. ಬೀಜದಿಂದ ಎದ್ದ ಸಸಿಗಳಾದರೆ ಪ್ರತಿಯೊಂದೂ ಬೇರೆಯೇ. ಅಂತಹ ಎರಡು ಇದ್ದರೆ ಸಾಮಾನ್ಯವಾಗಿ ಸಾಕು.

ಹಿಂದಿನವರಿಗೆ ಈ ತೊಂದರೆ ಏಕೆ ಬರಲಿಲ್ಲವೆಂದು ಕೇಳಬಹುದು. ಅವರು ನೆಲ್ಲಿಯನ್ನು ಬೆಳೆಯಲಿಲ್ಲ, ತಂದರು. ನೆಲ್ಲಿ ಮೂಲತಃ ಗುಡ್ಡದ ಮರ. ಕುರುಚಲು ಕಾಡಿನಲ್ಲಿ, ಒಣ ಬೋರೆಗಳಲ್ಲಿ ಗುಂಪಾಗಿ ಬೆಳೆಯತಕ್ಕದ್ದು. ಬೆಟ್ಟದ ನೆಲ್ಲಿಗೂ ಕಡಲಿನ ಉಪ್ಪಿಗೂ ಏನು ನಂಟೆಂದು ಅಲ್ಲಮಪ್ರಭು ಬೆರಗುಪಟ್ಟದ್ದು ಕನ್ನಡಿಗರಿಗೆಲ್ಲ ಗೊತ್ತಿದೆ. ಆ ವಚನಕಾರನ ಕಾಲಕ್ಕೂ ನೆಲ್ಲಿಯ ವಿಳಾಸ ಬೆಟ್ಟವೇ ಆಗಿತ್ತು. ಬಿಳಿಗಿರಿರಂಗನ ಬೆಟ್ಟಗಳಲ್ಲಿ ಸೋಲಿಗರು ಇದನ್ನು ತಲೆತಲಾಂತರದಿಂದ ಆಯುತ್ತ ಬಂದವರು. ಅವರು ಅಲ್ಲಿನ ನೆಲ್ಲಿಯಲ್ಲಿ ಎರಡು ಜಾತಿಗಳನ್ನು ಗುರುತಿಸಿ ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರೆ. ಸಸ್ಯಶಾಸ್ತ್ರಜ್ಞರೂ ಅವುಗಳನ್ನು ಎರಡೆಂದೇ ಎಣಿಸುತ್ತಾರೆ. ಅಂತಹ ಕಾಡಿನಲ್ಲಿ ಒಂದು ನೆಲ್ಲಿಯಿಂದ ಹಾರಿದ ಜೇನಿಗೆ ಮತ್ತೊಂದು ನೆಲ್ಲಿ ಸಿಕ್ಕುವುದು ಕಷ್ಟವಲ್ಲ. ಅದೇ ಮರವನ್ನು ಮೂವತ್ತು ನಲವತ್ತಡಿಯ ನಿವೇಶನಕ್ಕೆ ತಂದು ನೆಟ್ಟಾಗ ಅದರ ನೆಂಟರೆಲ್ಲ ಬೆಟ್ಟದಲ್ಲಿಯೇ ಉಳಿದರು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ಹೇಳಬೇಕು. ಏಕೆಂದರೆ ನಿಜವಾಗಿಯೂ ಕಾಯಿ ಕಚ್ಚಿದ ಮರಗಳೂ ಇದರಿಂದ ಬೈಗುಳಕ್ಕೆ ಗುರಿಯಾಗುತ್ತವೆ. ಮಾವಿನ ಹೂ ಉದುರಿದ ಕೆಲವೇ ವಾರಗಳಲ್ಲಿ ಮಿಡಿ ಕಾಣುತ್ತದೆ. ನೆಲ್ಲಿಯ ಪದ್ಧತಿ ಹಾಗಲ್ಲ. ಅದು ಚಳಿಗಾಲದ ಕೊನೆಗೆ ಎಲೆಗಳನ್ನಷ್ಟೇ ಅಲ್ಲ, ಎಲೆ ಹೊತ್ತ ಸಣ್ಣ ಕಡ್ಡಿಗಳನ್ನೂ ಕಳಚಿಬಿಡುತ್ತದೆ. ಹುಣಿಸೆಯ ಎಲೆಯಂತೆ ತೋರುವ ಆ ಗರಿ ನಿಜವಾಗಿ ಒಂದು ಎಲೆಯಲ್ಲ. ಬಿಡಿ ಎಲೆಗಳನ್ನು ಎರಡು ಸಾಲಾಗಿ ಧರಿಸಿದ ಒಂದು ಪುಟ್ಟ ರೆಂಬೆ. (ಅಂಗಳ ಗುಡಿಸುವ ಗೃಹಿಣಿಗೆ ಈ ಸಸ್ಯಶಾಸ್ತ್ರದಿಂದ ಸಮಾಧಾನವಾಗದೆಂಬುದು ಬೇರೆ ಮಾತು.) ವಸಂತದಲ್ಲಿ ಹೊಸ ಗರಿಗಳ ಜೊತೆಗೇ ಹೂ ಬರುತ್ತದೆ, ಕಾಯಿ ಕಚ್ಚುತ್ತದೆ, ಅನಂತರ ಆ ಕಾಯಿ ಬೆಳೆಯದೆ ಮಲಗಿಬಿಡುತ್ತದೆ. ಏಪ್ರಿಲಿನಲ್ಲಿ ಕಚ್ಚಿದ ಕಾಯಿ ಬೇಸಗೆಯುದ್ದಕ್ಕೂ ಬರಿಗಣ್ಣಿಗೆ ಹೆಚ್ಚೂ ಕಡಮೆ ಕಾಣದಷ್ಟು ಸಣ್ಣದಾಗಿಯೇ ಇದ್ದು, ಮಳೆಗಾಲ ಹಿಡಿದು ಜುಲೈ ಆಗಸ್ಟ್ ಬಂದ ಮೇಲೆ ಎಚ್ಚೆತ್ತು ದಪ್ಪವಾಗತೊಡಗುತ್ತದೆ. ನಾಲ್ಕು ತಿಂಗಳ ಈ ನಿದ್ರೆ ಒಣನಾಡಿನ ಮರಕ್ಕೆ ಹೇಳಿ ಮಾಡಿಸಿದ ಏರ್ಪಾಟು: ನೀರಿಲ್ಲದ ದಿನಗಳಲ್ಲಿ ಕಾಯಿಯ ಭಾರವನ್ನು ಅದು ಹೊರುವುದಿಲ್ಲ. ಮೇ ತಿಂಗಳಿನಲ್ಲಿ ತಲೆಯೆತ್ತಿ ನೋಡಿ, ಕಾಯಿಯಿಲ್ಲವೆಂದು ಮರ ಕಡಿಸಿದವರು ಮಲಗಿದ್ದ ಫಸಲನ್ನೇ ಕಡಿಸಿದ್ದಿರಬಹುದು.

ಆದ್ದರಿಂದ ಮರದ ವಿಚಾರಣೆ ಎರಡು ಸಲ ನಡೆಯಬೇಕು. ಹೂವಿನ ಕಾಲದಲ್ಲಿ ಒಂದೆರಡು ಗರಿಗಳನ್ನು ಕಿತ್ತು, ಮಕ್ಕಳ ಶಾಲೆಯ ಭೂತಗನ್ನಡಿಯಲ್ಲಿ ನೋಡಿದರೆ ಹೆಣ್ಣುಹೂ ಇದೆಯೇ ಎಂಬುದು ತಿಳಿಯುತ್ತದೆ. ಅದರ ತುದಿಯಲ್ಲಿ ಕವಲೊಡೆದ ಶಲಾಕೆ ಚಾಚಿಕೊಂಡಿರುತ್ತದೆ. ಆಗಸ್ಟ್ ಕಳೆದ ಮೇಲೆ ಮತ್ತೊಮ್ಮೆ ನೋಡಬೇಕು. ಹೆಣ್ಣುಹೂ ಇದ್ದೂ ಮಳೆಗಾಲದ ಕೊನೆಗೆ ಕಾಯಿ ಕಾಣದಿದ್ದರೆ, ಮರಕ್ಕೆ ಜೊತೆ ಬೇಕೆಂದು ತಿಳಿಯಬಹುದು.

ಜೊತೆ ಒದಗಿಸುವ ಅತಿ ಸುಲಭದ ದಾರಿ ನೆರೆಮನೆಯದು. ತಮ್ಮ ಕಾಂಪೌಂಡಿನಲ್ಲಿ ಇಂಚಿಗೂ ಜಾಗವಿಲ್ಲದವರು ಪಕ್ಕದ ಮನೆಯವರಿಗೆ ಬೇರೆ ತಳಿಯ ಒಂದು ಸಸಿಯನ್ನು ಕೊಂಡುತಂದು ಕೊಡುವುದರಲ್ಲಿ ನಷ್ಟವೇನೂ ಇಲ್ಲ. ಜೇನುನೊಣಕ್ಕೆ ಗೋಡೆಯ ಲೆಕ್ಕವಿಲ್ಲ. ಬೀದಿಯ ನಾಲ್ಕು ಮನೆಯವರು ಮಾತಾಡಿಕೊಂಡು ಮನೆಗೊಂದರಂತೆ ಬೇರೆ ಬೇರೆ ತಳಿ ನೆಟ್ಟರೆ ಎಲ್ಲರ ಮರವೂ ಕಾಯುತ್ತದೆ. ಒಬ್ಬರೇ ನಾಲ್ಕು ನೆಡಬೇಕಾಗಿಲ್ಲ.

ನೆರೆಯವರೊಡನೆ ಮಾತಿಲ್ಲದವರಿಗೂ ಉಪಾಯವುಂಟು. ಇರುವ ಮರದ ಮೇಲೆಯೇ ಬೇರೆ ತಳಿಯ ಒಂದು ಕೊಂಬೆಯನ್ನು ಕೂರಿಸಬಹುದು. ಮರ ಎಲೆ ಕಳಚಿರುವ ಜನವರಿ ಫೆಬ್ರವರಿಯಲ್ಲಿ ಬಿಸಿಲು ಬೀಳುವ ಕಡೆಯ ಒಂದೆರಡು ಕೊಂಬೆಗಳನ್ನು ಮೊಟಕುಮಾಡಿ, ಕತ್ತರಿಸಿದ ಬಾಯಿಗೆ ಬೋರ್ಡೋ ಮುಲಾಮು ಹಚ್ಚಬೇಕು. ಬೇಸಗೆಯಲ್ಲಿ ಅಲ್ಲಿಂದ ಹಲವು ಚಿಗುರುಗಳು ಏಳುತ್ತವೆ. ನೆಟ್ಟಗಿರುವ ಎರಡು ಮೂರನ್ನು ಉಳಿಸಿ ಮಿಕ್ಕವನ್ನು ಚಿವುಟಿಹಾಕಬೇಕು. ಮಳೆ ಆರಂಭವಾದ ಜೂನ್ ಜುಲೈಯಲ್ಲಿ ಈ ಚಿಗುರುಗಳು ಪೆನ್ಸಿಲಿನ ಗಾತ್ರಕ್ಕೆ ಬಂದಿರುತ್ತವೆ. ಆಗ ಅವುಗಳ ತೊಗಟೆಯಲ್ಲಿ ಒಂದು ಚೌಕವನ್ನು ಬಿಡಿಸಿ ತೆಗೆದು, ಬೇಕಾದ ತಳಿಯಿಂದ ಅಷ್ಟೇ ಅಳತೆಯ, ನಡುವೆ ಒಂದು ಕಣ್ಣಿರುವ ತೊಗಟೆಯ ತೇಪೆಯನ್ನು ತಂದು ಕೂರಿಸಿ, ಕಣ್ಣು ಮಾತ್ರ ಹೊರಗಿರುವಂತೆ ಪಾಲಿಥೀನ್ ಪಟ್ಟಿಯಿಂದ ಬಿಗಿಯಾಗಿ ಸುತ್ತಬೇಕು. ಹರಿದ ಅಂಗಿಗೆ ತೇಪೆ ಹಾಕಬಲ್ಲವರಿಗೆ ಇದು ಅಸಾಧ್ಯದ ವಿದ್ಯೆಯೇನಲ್ಲ. ಆದರೂ ಮೊದಲ ಸಲ ಕೈಪಳಗಿದ ಮಾಲಿಯನ್ನು ಕರೆಸುವುದು ಲೇಸು. ಎರಡು ಮೂರು ವಾರಗಳಲ್ಲಿ ಕಣ್ಣು ಹಸುರಾಗಿಯೇ ಉಳಿದಿದ್ದರೆ ಕಸಿ ಹಿಡಿಯಿತೆಂದು ಅರ್ಥ. ಆಗ ಅದರ ಮೇಲಿನ ಭಾಗವನ್ನು ಕತ್ತರಿಸಿ ಕಣ್ಣನ್ನು ಚಿಗುರಗೊಡಬೇಕು. ಆಮೇಲೆ ಸುತ್ತಲಿನ ಹಳೆಯ ಕೊಂಬೆಗಳು ಹೊಸಬನನ್ನು ನೆರಳಿನಲ್ಲಿ ಮುಳುಗಿಸದಂತೆ ಆಗಾಗ ಸವರುತ್ತಿರಬೇಕು. ಇದನ್ನು ಮರೆತವರ ಕಸಿಕೊಂಬೆ ಎರಡು ವರ್ಷದಲ್ಲಿ ಬಡವಾಗಿ ಒಣಗುತ್ತದೆ.

ಮರವೇ ಹೀನ ಜಾತಿಯದಾಗಿ, ಗೋಲಿಯಷ್ಟು ಕಾಯಿ ಬಿಡುವುದಾದರೆ ಇದೇ ಕ್ರಮವನ್ನು ಇಡೀ ಮರಕ್ಕೆ ಅನ್ವಯಿಸಬಹುದು. ನೆಲದಿಂದ ಸುಮಾರು ಮೂರಡಿಗೆ ಕಾಂಡವನ್ನು ಕತ್ತರಿಸಿ, ಎದ್ದ ಚಿಗುರುಗಳಲ್ಲಿ ನಾಲ್ಕಾರನ್ನು ಉಳಿಸಿ, ಒಂದೆರಡಕ್ಕೆ ಒಂದು ತಳಿಯನ್ನೂ ಮಿಕ್ಕವಕ್ಕೆ ಇನ್ನೊಂದನ್ನೂ ಕಸಿ ಮಾಡಿದರೆ ಬೇರು ಹಳೆಯದೇ ಉಳಿದು ಮರ ಹೊಸದಾಗುತ್ತದೆ. ಕೊಡಲಿ ಹಿಡಿಯಲೇಬೇಕೆಂದು ಹಟ ತೊಟ್ಟವರಿಗೆ ಇದು ತಕ್ಕ ದಾರಿ.

ಯಾವ ತಳಿ? ಉತ್ತರಪ್ರದೇಶದ ಹಳೆಯ ತಳಿಗಳಲ್ಲಿ ಬನಾರಸಿಯ ಕಾಯಿ ದಪ್ಪ, ನೋಡಲು ಅಂದ. ಆದರೆ ಹೆಣ್ಣುಹೂ ಬಹಳ ಕಡಮೆ, ಫಸಲೂ ಅಂತೆಯೇ. ಚಕೈಯಾ ಒಳ್ಳೆಯ ಫಸಲಿನದು, ಕಾಯಿ ಸಣ್ಣದು, ತಡವಾಗಿ ಬಲಿಯುತ್ತದೆ. ಕೊಂಬೆಗಳು ಇಳಿಬೀಳುವ ಫ್ರಾನ್ಸಿಸ್ ತಳಿಯ ಕಾಯಿಯ ಒಳಗೆ ಕಪ್ಪಾಗುವ ದೋಷವುಂಟು. ಅದಕ್ಕೆ ಬೋರಾನ್ ಕೊರತೆಯನ್ನು ಕಾರಣವಾಗಿ ಹೇಳುತ್ತಾರೆ. ಫೈಜಾಬಾದಿನ ಬಳಿಯ ನರೇಂದ್ರದೇವ ಕೃಷಿ ವಿಶ್ವವಿದ್ಯಾನಿಲಯದವರು ಇವುಗಳಿಂದ ಆಯ್ದು ಬೆಳೆಸಿದ ಕಾಂಚನ್, ಕೃಷ್ಣಾ ಮತ್ತು ಎನ್.ಎ.-೭ ಎಂಬ ತಳಿಗಳು ದಕ್ಷಿಣಕ್ಕೂ ಬಂದಿವೆ. ಎನ್.ಎ.-೭ ಮತ್ತು ಕಾಂಚನ್‌ಗಳಲ್ಲಿ ಹೆಣ್ಣುಹೂಗಳು ಹೆಚ್ಚು. ಹಿತ್ತಿಲಿಗೆ ಈ ಜೋಡಿ ಸಾಕು. ಅಂಗಳ ತೀರ ಕಿರಿದಾಗಿದ್ದವರು ಬೆಟ್ಟದ ನೆಲ್ಲಿಯ ಆಸೆ ಬಿಟ್ಟು, ಕೊಂಬೆಗೇ ಗೊಂಚಲು ಗೊಂಚಲಾಗಿ ಅಂಟಿ ಕಾಯುವ ಹುಳಿಯ ಅರೆನೆಲ್ಲಿಯನ್ನು ನೆಡುವುದು ಮೇಲು. ಅದು ಸಾಮಾನ್ಯವಾಗಿ ಒಂಟಿಯಾಗಿಯೇ ಧಾರಾಳವಾಗಿ ಕಾಯುತ್ತದೆ, ಹೆಚ್ಚು ಎತ್ತರಕ್ಕೂ ಹೋಗುವುದಿಲ್ಲ. ಸಸ್ಯಾಗಾರಗಳಲ್ಲಿ ಬರಿಯ ‘ನೆಲ್ಲಿ’ ಎಂದು ಕೇಳಿದರೆ ಕೆಲವು ಸಲ ಇದನ್ನೇ ಕೊಟ್ಟುಕಳಿಸುವುದರಿಂದ, ಯಾವುದು ಬೇಕೆಂದು ಬಾಯಿಬಿಟ್ಟು ಹೇಳಬೇಕು.

ನೆಡುವ ಕೆಲಸ ಕಠಿಣವಲ್ಲ. ಮೂರಡಿ ಉದ್ದ, ಅಗಲ, ಆಳದ ಗುಂಡಿ. ಅದನ್ನು ಬೇಸಗೆಯಲ್ಲಿ ಬಿಸಿಲಿಗೆ ಬಿಟ್ಟು, ಮಳೆಯ ಆರಂಭದಲ್ಲಿ ಮೇಲ್ಮಣ್ಣಿಗೆ ಒಂದು ದೊಡ್ಡ ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ನಡುವೆ ಗಿಡವನ್ನಿಟ್ಟರಾಯಿತು. ಕಸಿಯ ಗಂಟು ನೆಲದ ಮೇಲಿರಬೇಕು. ಗಂಟಿನ ಕೆಳಗಿನಿಂದ ಹೊರಟ ಚಿಗುರನ್ನು ಕಂಡ ಕೂಡಲೇ ಕೀಳಬೇಕು. ಹಾಗೆ ಮಾಡದೆ ಮೇಲಿನ ಕಸಿ ಸತ್ತು, ಕೆಳಗಿನ ಕಾಡುನೆಲ್ಲಿ ಬೆಳೆದು, ‘ಕಸಿಗಿಡ ತಂದರೂ ಪ್ರಯೋಜನವಾಗಲಿಲ್ಲ’ ಎಂದು ಮಾರಿದವನನ್ನು ಶಪಿಸುವವರಿದ್ದಾರೆ. ಚೌಳು ಮಣ್ಣನ್ನೂ ನೆಲ್ಲಿ ಸಹಿಸುತ್ತದೆ, ಬುಡದಲ್ಲಿ ನಿಂತ ನೀರನ್ನು ಸಹಿಸುವುದಿಲ್ಲ. ಮೊದಲೆರಡು ಬೇಸಗೆಗಳಲ್ಲಿ ಮಾತ್ರ ಮಗುವಿನಂತೆ ನೋಡಿಕೊಳ್ಳಬೇಕು. ಬಳಿಕ ಹೂ ಬಿಡುವ ಮಾರ್ಚ್ ಏಪ್ರಿಲ್‌ಗಳಲ್ಲಿ ನೀರು ಹನಿಸದಿರುವುದೇ ಒಳ್ಳೆಯದು. ಅಕ್ಕರೆಯಿಂದ ದಿನವೂ ಕೊಡ ನೀರು ಸುರಿಯುವ ಮನೆಗಳಲ್ಲಿ ಹೂ ಉದುರಿ ಎಲೆ ಮಾತ್ರ ಸೊಂಪಾಗುತ್ತದೆ. ಕಸಿಗಿಡ ನಾಲ್ಕನೆಯ ವರ್ಷದ ಸುಮಾರಿಗೆ ಕಾಯಲಾರಂಭಿಸುತ್ತದೆ. ಬೀಜದ ಸಸಿಗೆ ಅದರ ಇಮ್ಮಡಿ ಕಾಲ ಬೇಕು.

ಶತ್ರುಗಳಲ್ಲಿ ಮುಖ್ಯವಾದವು ಎರಡು. ಕಾಂಡದ ತೊಗಟೆಯನ್ನು ತಿಂದು, ಅದರ ಮೇಲೆ ಪುಡಿಯ ಜೇಡಬಲೆ ಹೆಣೆಯುವ ಕಂಬಳಿಹುಳು ಒಂದು. ಬಲೆಯನ್ನು ಒರಸಿ ರಂಧ್ರಕ್ಕೆ ತಂತಿ ತೂರಿಸಿದರೆ ಹುಳು ಸಾಯುತ್ತದೆ. ಇನ್ನೊಂದು ಬಂದಳಿಕೆ. ಹಕ್ಕಿಗಳು ತಂದುಹಾಕಿದ ಬೀಜದಿಂದ ಕೊಂಬೆಯ ಮೇಲೆಯೇ ಬೇರೂರುವ ಈ ಪರಾವಲಂಬಿ ಬಿಳಿಗಿರಿಯ ನೆಲ್ಲಿಗಳನ್ನು ಬಹಳವಾಗಿ ಪೀಡಿಸಿದೆ. ಹಿಂದೆ ಕಾಡಿಗೆ ಹಾಕುತ್ತಿದ್ದ ಸಣ್ಣ ಬೆಂಕಿ ನಿಂತದ್ದರಿಂದಲೇ ಅದು ಹೆಚ್ಚಿತೆಂಬುದು ಸೋಲಿಗರ ಅಭಿಪ್ರಾಯ. ಹಿತ್ತಿಲಿನಲ್ಲಿ ಬೆಂಕಿಯ ಮಾತೇ ಬೇಡ. ಬಂದಳಿಕೆ ಕಚ್ಚಿದ ಕಡೆಯಿಂದ ಒಂದು ಗೇಣು ಕೆಳಗೆ ಕೊಂಬೆಯನ್ನೇ ಕತ್ತರಿಸಿ ತೆಗೆಯಬೇಕು.

ಇಷ್ಟೆಲ್ಲ ಪಾಡು ಏತಕ್ಕೆ, ಮಾರುಕಟ್ಟೆಯಲ್ಲಿ ನೆಲ್ಲಿಕಾಯಿ ಸಿಕ್ಕುವುದಿಲ್ಲವೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಸಿಕ್ಕುತ್ತದೆ. ೧೯೩೯-೪೦ರ ಹಿಸ್ಸಾರ್ ಕ್ಷಾಮದಲ್ಲಿ ಒಸಡು ಬಾತು ರಕ್ತ ಸೋರುವ ಸ್ಕರ್ವಿ ರೋಗಕ್ಕೆ ನೆಲ್ಲಿಯ ಪುಡಿಯನ್ನೇ ಮದ್ದಾಗಿ ಕೊಟ್ಟಿದ್ದರು. ಅದಕ್ಕೂ ಮುಂಚೆ ೧೯೩೬ರಲ್ಲಿಯೇ ದಾಮೋದರನ್ ಮತ್ತು ನಾಯರ್ ಎಂಬ ವಿಜ್ಞಾನಿಗಳು, ನೆಲ್ಲಿಯ ಒಗರಿಗೆ ಕಾರಣವಾದ ಟ್ಯಾನಿನ್ ಅದರ ‘ಸಿ’ ಜೀವಸತ್ತ್ವವನ್ನು ಕಾಪಾಡುವುದನ್ನು ಕಂಡುಕೊಂಡು ಪ್ರಕಟಿಸಿದ್ದರು. ನೂರು ಗ್ರಾಮಿಗೆ ೬೦೦ ಮಿಲಿಗ್ರಾಂ ‘ಸಿ’ ಸತ್ತ್ವವೆಂದು ಹಳೆಯ ಪಟ್ಟಿಗಳು ಹೇಳುತ್ತಿದ್ದವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ೨೦೧೭ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಅದು ೨೫೦ರ ಆಸುಪಾಸಿಗೆ ಇಳಿದಿದೆ. ಇಳಿದರೂ ಕಿತ್ತಳೆಗಿಂತ ಹಲವು ಪಾಲು ಹೆಚ್ಚೇ. ಇವೆಲ್ಲ ಕೊಂಡುತಂದ ಕಾಯಿಗೂ ಸಲ್ಲುವ ಗುಣಗಳು. ಮರವಿದ್ದ ಮನೆಗೆ ಮಾತ್ರ ಸಲ್ಲುವುದು ಬೇರೆಯದು: ಶಾಲೆಯಿಂದ ಬಂದ ಮಗು ಒಂದು ಕಾಯಿ ಕಚ್ಚಿ, ಮುಖ ಸಿಂಡರಿಸಿ, ಓಡಿಹೋಗಿ ನೀರು ಕುಡಿದು, ಆ ನೀರು ಸಿಹಿಯಾದದ್ದಕ್ಕೆ ಬೆರಗಾಗುವುದು. ಹಾಗೆಯೇ ಚಿತ್ರಾನ್ನಕ್ಕೆ ಬೇಕೆನಿಸಿದ ಗಳಿಗೆಯಲ್ಲಿ ನಾಲ್ಕೇ ನಾಲ್ಕು ಕಾಯಿ ಕೊಯ್ದುತರುವ ಅನುಕೂಲವನ್ನು ಯಾವ ಅಂಗಡಿಯೂ ಕೊಡಲಾರದು.

ತುಳಸಿ ಹಬ್ಬದ ಮಾತನ್ನೂ ಮರೆಯುವಂತಿಲ್ಲ. ಉತ್ಥಾನ ದ್ವಾದಶಿಯ ಹಿಂದಿನ ದಿನ ನಗರದ ಮಾರುಕಟ್ಟೆಗಳಿಗೆ ಕಾಯಿಸಹಿತವಾದ ನೆಲ್ಲಿಯ ಕೊಂಬೆಗಳು ಹೊರೆಹೊರೆಯಾಗಿ ಬಂದು ಬೀಳುತ್ತವೆ. ಅವುಗಳಲ್ಲಿ ಎಷ್ಟೋ ಕೊಂಬೆಗಳು ಸೀಳಿ ತಂದವು. ಸೀಳಿದ ಕಡೆ ತೊಗಟೆ ಉದ್ದಕ್ಕೆ ಹರಿದಿರುತ್ತದೆ. ನಾಲ್ಕು ದಿನದ ಮೇಲೆ ಅವು ಬೀದಿಯ ಕಸದಲ್ಲಿರುತ್ತವೆ. ಹಿತ್ತಿಲಿನ ಮರದಿಂದ ಚೂಪಾದ ಕತ್ತರಿಯಲ್ಲಿ ಒಂದು ಮೊಳದ ರೆಂಬೆಯನ್ನು ಕತ್ತರಿಸಿಕೊಂಡರೆ ಪೂಜೆಗೂ ಆಯಿತು, ಮರಕ್ಕೂ ನೋವಿಲ್ಲ. ಎದುರು ಮನೆಯವರಿಗೂ ಒಂದು ಕೊಟ್ಟರೆ ಕಾಡಿನ ಒಂದು ಕೊಂಬೆ ಉಳಿದಂತಾಯಿತು.

ಕಾಯಿ ಕೊಯ್ಯುವಾಗ ಗಳು ಬೀಸಿ ಬಡಿಯಬಾರದು. ನೆಲ್ಲಿಯ ಕೊಂಬೆ ಪೆಡಸು, ಭಾರಕ್ಕೇ ಮುರಿಯುವುದುಂಟು. ಫಸಲು ಹೆಚ್ಚಾದ ವರ್ಷ ಬಾಗಿದ ಕೊಂಬೆಗಳಿಗೆ ಕವಲುಗೋಲಿನ ಆಸರೆ ಕೊಡಬೇಕು. ಪೆಟ್ಟುಬಿದ್ದ ಕಾಯಿ ಎರಡೇ ದಿನದಲ್ಲಿ ಕಂದಿ, ಉಪ್ಪಿನಕಾಯಿಗೂ ಬಾರದೆ ಹೋಗುತ್ತದೆ. ಕಡುಹಸುರು ತಿಳಿಯಾಗಿ, ಮೈ ಕೊಂಚ ಪಾರದರ್ಶಕವಾದಂತೆ ತೋರಿದಾಗ ಕಾಯಿ ಬಲಿಯಿತೆಂದು ತಿಳಿಯಬೇಕು. ಬಲಿತ ಮೇಲೆ ಎಲ್ಲವನ್ನೂ ಒಂದೇ ದಿನ ಕಿತ್ತು ಮನೆಯವರನ್ನೆಲ್ಲ ಹೋಳು ಮಾಡಲು ಕೂರಿಸಬೇಕಾಗಿಲ್ಲ; ಬೇರೆ ಹಣ್ಣುಗಳಂತೆ ಇದು ಮಾಗಿ ಉದುರುವ ಅವಸರದ್ದಲ್ಲ, ವಾರಗಟ್ಟಲೆ ಕೊಂಬೆಯಲ್ಲಿಯೇ ಕಾದಿರುತ್ತದೆ. ಮೊದಲು ಗೊಜ್ಜಿಗೆ, ಆಮೇಲೆ ಮೊರಬ್ಬಕ್ಕೆ, ಬಿಸಿಲು ಗಟ್ಟಿಯಾದ ಮೇಲೆ ನೆಲ್ಲಿಚೆಟ್ಟಿಗೆ ಎಂದು ಹಂತಹಂತವಾಗಿ ಕೊಯ್ಯಬಹುದು. ಫೆಬ್ರವರಿ ಮುಗಿಯುವುದರೊಳಗೆ ಮಾತ್ರ ಕೊನೆಯ ಕಾಯಿಯೂ ಇಳಿದಿರಬೇಕು. ಅಷ್ಟು ಹೊತ್ತಿಗೆ ಬೋಳು ಕೊಂಬೆಯ ಗೆಣ್ಣುಗಳಲ್ಲಿ ಹೊಸ ಗರಿಗಳ ಮೊಳಕೆ ಕೆಂಪಗೆ ಕಾಣಿಸಿಕೊಂಡಿರುತ್ತದೆ.